ಕಿಟಕಿಗೆ ಗ್ರಿಲ್ ಇರುವ ಊರಿನಲ್ಲಿ ವ್ಯಾಂಪೈರ್ ಪ್ರೇಮ

ಸ್ಟೆಫನಿ ಮೆಯರ್ ಬರೆದ ವ್ಯಾಂಪೈರ್ ಪ್ರೇಮದ ಕಾದಂಬರಿ ‘ಟ್ವೈಲೈಟ್’ 2005ರಲ್ಲಿ ಬಂತು. ನನ್ನ ಕೈಗೆ ಸಿಕ್ಕಿದ್ದು 2009ರಲ್ಲಿ, ಪಿಯುಸಿ ಓದುವಾಗ, ಮಲ್ಲೇಶ್ವರದ ಒಂದು ಬಾಡಿಗೆ ಲೈಬ್ರರಿಯಲ್ಲಿ. ಕಪ್ಪು ರಟ್ಟು, ಎರಡು ಬಿಳಿಚಿದ ಕೈ, ಅದರಲ್ಲೊಂದು ಕೆಂಪು ಸೇಬು. ಅಮ್ಮ ಅದನ್ನು ಆರೋಗ್ಯದ ಪುಸ್ತಕ ಅಂದುಕೊಂಡಳು. ನಾನೂ ಸುಮ್ನೆ ಇದ್ದೆ.

ಈಗ ನನಗೆ ಮೂವತ್ತು ದಾಟಿದೆ. ಅಕ್ಕನ ಮಗಳಿಗೆ ಹದಿನೈದು. ಅವಳಿಗೂ ಅದೇ ಹುಚ್ಚು ಹಿಡಿದಿದೆ. ಕಥೆಯ ಹುಡುಗ ರಕ್ತ ಕುಡಿಯುವ ವ್ಯಾಂಪೈರ್ ಆಗಿರಬೇಕು, ಇಲ್ಲ ತೋಳ ಆಗಿರಬೇಕು, ಏನೂ ಇಲ್ಲದಿದ್ದರೆ ಸ್ವರ್ಗದಿಂದ ಬಿದ್ದ ದೇವದೂತನಾದರೂ ಆಗಿರಬೇಕು. ಒಂದು ವರ್ಷದಿಂದ ನಾವಿಬ್ಬರೂ ಒಂದೇ ಪುಸ್ತಕ ಓದಿ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇವೆ. ಎಡಪುಟ ಅವಳದು, ಬಲಪುಟ ನನ್ನದು.

ಮೊದಲ ಸಲ ನಾನು ನಾಲ್ಕು ಪುಟ ತುಂಬಿಸಿದೆ. ಯಾರು ಯಾರನ್ನು ಕಚ್ಚಿದರು, ಯಾರು ಬದುಕಿದರು, ಎಲ್ಲಾ ಇತ್ತು. ಅವಳು ಓದಿ, “ಚಿಕ್ಕಿ, ಕಥೆ ನಂಗೂ ಗೊತ್ತು. ನಿಂಗೇನಾಯ್ತು ಅಂತ ಬರಿ” ಅಂದಳು.

ನನಗೇನಾಯಿತು? ಪುಸ್ತಕ ಮುಗಿಸಿದ ಮೇಲೆ ಕೂತು ಯೋಚಿಸಿದರೆ ನೆನಪಿಗೆ ಬರುವುದು ಕಥೆ ಮಾತ್ರ. ಓದುವಾಗ ಆದದ್ದು ಅಷ್ಟರಲ್ಲಿ ಹಾರಿಹೋಗಿರುತ್ತದೆ. ಹಾಗಾಗಿ ಬಸ್ ಟಿಕೆಟ್ ಇಡಲು ಶುರು ಮಾಡಿದೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಬ್ಯಾಗಿನ ತಳದಲ್ಲಿ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿ ಟಿಕೆಟ್ ರಾಶಿ ಬಿದ್ದಿರುತ್ತದೆ. ಓದುತ್ತಾ ಎಲ್ಲಿ ತಲೆ ಎತ್ತಿದೆನೋ ಅಲ್ಲಿ ಒಂದು ಟಿಕೆಟ್. ಅದರ ಹಿಂದೆ ಒಂದೇ ಪದ: ನಗು, ಭಯ, ಬೋರು, ಇಶ್ಯಿ. ಕೊನೆಗೆ ಟಿಕೆಟ್ ಇದ್ದ ಪುಟಗಳ ಬಗ್ಗೆ ಮಾತ್ರ ಬರೆಯುತ್ತೇನೆ.

‘ಟ್ವೈಲೈಟ್’ ಮತ್ತೆ ಓದಿದಾಗ ಮೊದಲ ‘ಇಶ್ಯಿ’ ಬಿದ್ದದ್ದು ವ್ಯಾಂಪೈರ್ ಹುಡುಗ ಎಡ್ವರ್ಡ್ ತಾನು ರಾತ್ರಿ ನಾಯಕಿ ಬೆಲ್ಲಾಳ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಿದ್ದೆ ಎಂದು ಒಪ್ಪಿಕೊಳ್ಳುವ ಕಡೆ. ಅವಳಿಗೆ ಹೇಳದೆ, ಕೇಳದೆ. ಅವನು ಹುಟ್ಟಿದ್ದು 1901ರಲ್ಲಿ. ನನ್ನ ಮುತ್ತಜ್ಜನ ಓರಗೆಯವನು! ನನಗೆ ಮೊದಲು ಹೊಳೆದದ್ದು, ಆ ಕಿಟಕಿಗೆ ಗ್ರಿಲ್ ಇಲ್ಲವಾ? ನಮ್ಮ ಮನೆಗಾದರೆ ಗ್ರಿಲ್ ದಾಟಿ, ಸೊಳ್ಳೆ ಮೆಶ್ ಹರಿದು ಬರಬೇಕಿತ್ತು. ಇದನ್ನೇ ಬರೆದು, ಜಾಣತನ ತೋರಿಸಿದೆ ಅಂತ ಬೀಗಿದೆ. ಆದರೆ ಅದಕ್ಕೂ ಮೊದಲು ಒಂದು ಸಾಲು ಬರೆದು ಹೊಡೆದುಹಾಕಿದ್ದೆ: ‘ಹದಿನೇಳರಲ್ಲಿ ಇದೇ ಪುಟ ಓದಿ ದಿಂಬು ತಬ್ಬಿಕೊಂಡಿದ್ದೆ.’ ಹುಡುಗಿ ಬೆಳಕಿಗೆ ಹಿಡಿದು ಅದನ್ನೇ ಓದಿದಳು. “ಇದನ್ಯಾಕೆ ಹೊಡೆದೆ? ಇದೇ ಅಲ್ವಾ ನಿಜ?” ಅವಳ ಎಡಪುಟದಲ್ಲಿ ಹೀಗಿತ್ತು: ‘ಕೇಳದೆ ಬಂದಿದ್ದು ತಪ್ಪು. ಆದ್ರೂ ಪುಸ್ತಕ ಕೆಳಗಿಡಕ್ಕಾಗ್ಲಿಲ್ಲ.’ ಎರಡೇ ಸಾಲು. ನನ್ನ ಒಂದೂವರೆ ಪುಟಕ್ಕಿಂತ ಚೆನ್ನಾಗಿತ್ತು. ಹೊಡೆದ ಸಾಲನ್ನು ಮತ್ತೆ ಬರೆದೆ.

ಕನ್ನಡದಲ್ಲಿ ಬರೆಯಬೇಕು ಅನ್ನುವುದು ನನ್ನ ಹಟ. ಆದರೆ ‘ರಕ್ತಪಿಶಾಚಿ ಅವಳನ್ನು ನೋಡಿ ಮುಗುಳ್ನಕ್ಕಿತು’ ಎಂದು ಬರೆದರೆ ಪ್ರೇಮ ಎಲ್ಲಿ ಉಳಿಯುತ್ತದೆ? ಚಂದಮಾಮದ ಬೇತಾಳ ಬಂದು ಹೆಗಲೇರುತ್ತದೆ. ವ್ಯಾಂಪೈರನ್ನು ವ್ಯಾಂಪೈರ್ ಆಗಿಯೇ ಬಿಟ್ಟೆ. ಯುರೋಪಿನ ಕೆಲವು ಹಳೆಯ ಕಥೆಗಳಲ್ಲಿ ವ್ಯಾಂಪೈರ್ ಕರೆಯದೆ ಮನೆಯೊಳಗೆ ಬರುವಂತಿಲ್ಲ. ಇಂಥ ಕೆಲವು ಕಾದಂಬರಿಗಳೂ ಆ ಕಟ್ಟಳೆ ಇಟ್ಟುಕೊಂಡಿವೆ. ‘ಟ್ವೈಲೈಟ್’ನಲ್ಲಿ ಅದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ದೆವ್ವ ಬಂದು ಓದಿಕೊಂಡು, ವಾಪಸ್ ಹೋಗಿ, ಮಾರನೇ ದಿನ ಮತ್ತೆ ಬಂದು ಓದಬೇಕು. ಇದನ್ನು ಹೇಳಿದಾಗ ಹುಡುಗಿ ಹೊಟ್ಟೆ ಹಿಡಿದು ನಕ್ಕಳು. ಅವಳು ಬೆಳೆಯುತ್ತಿರುವುದು ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ದೆವ್ವ ಬಂದರೂ ಮೊದಲು ಸೆಕ್ಯುರಿಟಿ ಫೋನ್ ಮಾಡಿ ಕೇಳುತ್ತಾರೆ.

ಆಮೇಲೆ ಮ್ಯಾಗಿ ಸ್ಟೀವಾಟರ್ ಬರೆದ ‘ಶಿವರ್’ ಓದಿದೆವು. ಅಮೆರಿಕದ ಮಿನೆಸೋಟದ ಚಳಿ. ಚಳಿಯಾದರೆ ನಾಯಕ ಸ್ಯಾಮ್ ತೋಳ, ಬೆಚ್ಚಗಾದರೆ ಮನುಷ್ಯ. ಅಧ್ಯಾಯದ ತಲೆಯಲ್ಲೇ ಆ ಹೊತ್ತಿನ ತಾಪಮಾನ ಹಾಕಿದ್ದಾರೆ, ಫ್ಯಾರನ್‌ಹೀಟಿನಲ್ಲಿ. ಮೂವತ್ತೆರಡು ಕಳೆ, ಐದರಿಂದ ಗುಣಿಸು, ಒಂಬತ್ತರಿಂದ ಭಾಗಿಸು. ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕುತ್ತಲೇ ಓದಿದೆ. ಬೆಂಗಳೂರಿನ ದಾಖಲೆ ಚಳಿ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಹದಿನಾರಕ್ಕೇ ಮಂಕಿಟೋಪಿ ಹಾಕುವ ಊರು ನಮ್ಮದು. ಸ್ಯಾಮ್‌ನನ್ನು ತಂದು ಇಲ್ಲಿ ಒಂದು ರೂಮು ಮಾಡಿಕೊಟ್ಟಿದ್ದರೆ ಆಗುತ್ತಿತ್ತು ಎಂದು ಬರೆದೆ. ನನಗೆ ಆ ಅಂಕಿಗಳು ಬರೀ ಲೆಕ್ಕ. ಎಡಪುಟದಲ್ಲಿ ಅವಳು ಬರೆದದ್ದು: ‘ನಂಬರ್ ಇಳೀತಾ ಇದ್ರೆ ಫೋನ್ ಬ್ಯಾಟರಿ 9% ಆದಾಗಿನ ಥರ ಎದೆ ಹೊಡ್ಕೊಳ್ತು.’

ನನ್ನದು ಬರೆಯುವ ಮೊದಲೇ ಆ ಸಾಲನ್ನು ಕದ್ದು ಓದಿದ್ದೆ. ಬ್ಯಾಟರಿ ಅನ್ನುವ ಪದ ನನ್ನ ಪುಟಕ್ಕೂ ನುಸುಳಿತು, ಸಿಕ್ಕಿಬಿದ್ದೆ. ಎರಡು ದಿನ ಅವಳು ಮಾತಾಡಲಿಲ್ಲ. ಈಗ ಬರೆದಾದ ಮೇಲೆ ಅವರವರ ಪುಟದ ಮೇಲೆ ಕಾಗದ ಮಡಚಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕುತ್ತೇವೆ. ಇಬ್ಬರೂ ಮುಗಿಸಿದ ಮೇಲೇ ಬಿಚ್ಚುವುದು.

ಈ ವಾರದ ಪುಸ್ತಕ ಅವಳೇ ಆರಿಸಿದ್ದು, ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ. ನಾನಿನ್ನೂ ಅರವತ್ತನೇ ಪುಟದಲ್ಲಿದ್ದೇನೆ. ಆರು ಟಿಕೆಟ್ ಆಗಿವೆ, ಐದರಲ್ಲಿ ‘ಬೋರು’. ಅವಳ ಪುಟಕ್ಕೆ ಆಗಲೇ ಕ್ಲಿಪ್ಪು ಬಿದ್ದಿದೆ.