ನೊಯೆಲ್ ಪಿನೊ ಅವರ ಜೀವನಚರಿತ್ರೆ ಬರೆದ ಬಗೆ

ಫ್ರೆಂಚ್ ಕ್ರಾಂತಿಯಲ್ಲಿ ಪ್ರಾಣ ಕೊಟ್ಟ ಕಥೋಲಿಕ ಗುರು, ಪುನೀತ (ಸಂತ ಪದವಿಗೆ ಮುಂಚಿನ ಗೌರವ) ನೊಯೆಲ್ ಪಿನೊ ಎಂದೊಡನೆ ಎಲ್ಲರೂ ಹೇಳುವುದು ತಲೆ ಕಡಿಯುವ ಯಂತ್ರವಾದ ಗಿಲೋಟಿನ್ ಮುಂದಿನ ಕೊನೆಯ ಗಳಿಗೆಯನ್ನು. ನಮ್ಮ ಧರ್ಮಕೇಂದ್ರದ ಓದುಗರಿಗಾಗಿ ಬರೆಯುವಾಗ ನಾನು ಅಲ್ಲಿಂದ ಶುರು ಮಾಡಲಿಲ್ಲ. ಹಾಳೆಯನ್ನು ಉದ್ದಕ್ಕೆ ಮಡಚಿ ಎಡಗಡೆ ಆ ಕಾಲದ ಕಾನೂನುಗಳನ್ನು, ಬಲಗಡೆ ಅವರು ಮಾಡಿದ್ದನ್ನು ಬರೆದುಕೊಂಡೆ. ಕಾನೂನು ಬಿಟ್ಟು ಬರೆದರೆ ಅವರು ಸುಮ್ಮನೆ ಹಟ ಹಿಡಿದವರಂತೆ ಕಾಣುತ್ತಾರೆ.

ಎಡಗಡೆ ಮೊದಲು ಬರುವುದು 1790ರ ಜುಲೈ 12ರ ಕಾನೂನು. ಧರ್ಮಗುರುಗಳನ್ನು ಮತದಾರರು ಆರಿಸಬೇಕು, ಸಂಬಳ ಸರ್ಕಾರದ್ದು. ನವೆಂಬರ್ 27ರ ಆದೇಶ ಇದಕ್ಕೆ ಬದ್ಧರೆಂಬ ಪ್ರಮಾಣವಚನವನ್ನೂ ಗುರುಗಳಿಗೆ ಕಡ್ಡಾಯ ಮಾಡಿತು. ಪಿನೊ ಆಗ ಪಶ್ಚಿಮ ಫ್ರಾನ್ಸಿನ ಆಂಜೆ ಪಟ್ಟಣದ ವಾಯವ್ಯಕ್ಕಿರುವ ಲೂರೂ-ಬೆಕೊನೆ ಹಳ್ಳಿಯ ಗುರುಗಳು. 1791ರ ಜನವರಿ 23ರಂದು ಪ್ರಮಾಣ ಮಾಡಲು ಒಪ್ಪಲಿಲ್ಲ. ಫೆಬ್ರವರಿ 27ರಂದು ಪ್ರಸಂಗಪೀಠದಿಂದಲೇ ಅದರ ವಿರುದ್ಧ ಮಾತಾಡಿದರು. ಬಂಧನವಾಯಿತು, ಊರಿನಿಂದ ದೂರವಿರಬೇಕೆಂದು ತೀರ್ಪಾಯಿತು. 1793ರ ಜೂನಿನಲ್ಲಿ ಕ್ರಾಂತಿ ಸರ್ಕಾರದ ವಿರುದ್ಧ ಎದ್ದ ವಾಂದೆ ಪ್ರದೇಶದ ಬಂಡಾಯಗಾರರ ಕೈ ಮೇಲಾದಾಗ ಊರಿಗೆ ಮರಳಿದರು. ಬಂಡಾಯ ಹಿಮ್ಮೆಟ್ಟಿದ ಮೇಲೂ ಜನರನ್ನು ಬಿಟ್ಟು ಹೋಗದೆ ರೈತರ ಮನೆಗಳಲ್ಲಿ ಅಡಗಿದರು. ಅಕ್ಟೋಬರಿನ ಕಾನೂನಿನ ಪ್ರಕಾರ ಹೀಗೆ ಅಡಗಿದ ಗುರುಗಳಿಗೆ ಮರಣದಂಡನೆ, ಆಶ್ರಯ ಕೊಟ್ಟವರಿಗೂ ಶಿಕ್ಷೆ. ಆ ರೈತರ ಧೈರ್ಯಕ್ಕೆ ಚರಿತ್ರೆಯಲ್ಲಿ ಎರಡು ಸಾಲಾದರೂ ಸಲ್ಲಬೇಕು.

ತಾರೀಖುಗಳನ್ನು ನೋಡಿ ಬರೆಯಬೇಕು. ಆಗ ಬಳಕೆಯಲ್ಲಿದ್ದ ಕ್ರಾಂತಿಯ ಪಂಚಾಂಗದಲ್ಲಿ ತಿಂಗಳಿಗೆ 30 ದಿನ, ಎರಡನೇ ವರ್ಷ ಶುರುವಾಗುವುದು 1793ರ ಸೆಪ್ಟೆಂಬರ್ 22ಕ್ಕೆ. ವಾಂತೋಜ್ ಆರನೇ ತಿಂಗಳು, ಅಂದರೆ 150 ದಿನ ಕೂಡಿಸಿದರೆ ಅದರ ಮೊದಲ ದಿನ 1794ರ ಫೆಬ್ರವರಿ 19. ಅವರು ತೀರಿಕೊಂಡ ವಾಂತೋಜ್ 3 ಅಂದರೆ ಫೆಬ್ರವರಿ 21, ಶುಕ್ರವಾರ. ವಾರವನ್ನೂ ಲೆಕ್ಕ ಹಾಕಿದೆ: 1791ರ ಜನವರಿ 23, ಫೆಬ್ರವರಿ 27 ಎರಡೂ ಭಾನುವಾರವೇ, ಹಾಗಾಗಿ ಜನ ದೇವಾಲಯದಲ್ಲಿ ಸೇರಿದ್ದರು. ವಯಸ್ಸಿನಲ್ಲೂ ಎಡವುವುದುಂಟು. ಹುಟ್ಟಿದ್ದು 1747ರ ಡಿಸೆಂಬರ್ 19, ಹಾಗಾಗಿ ತೀರಿಕೊಂಡಾಗ 46, 47 ಅಲ್ಲ.

ಎರಡನೇ ಬಂಧನವನ್ನು ಮಾತ್ರ ವಿಸ್ತಾರವಾಗಿ ಬರೆದೆ. 1794ರ ಫೆಬ್ರವರಿ 8ರ ಶನಿವಾರ ರಾತ್ರಿ ಒಂದು ರೈತರ ಮನೆಯಲ್ಲಿ ಬಲಿಪೂಜೆಗೆ ಅಣಿಯಾಗಿದ್ದರು. ಸೈನಿಕರು ಬಂದಾಗ ಪೆಟ್ಟಿಗೆಯೊಳಗೆ ಅಡಗಿಕೊಂಡರು, ಆದರೂ ಸಿಕ್ಕಿಬಿದ್ದರು. ಆಂಜೆಯಲ್ಲಿ ಅದೇ ಪೂಜಾವಸ್ತ್ರದಲ್ಲಿ ಅವರನ್ನು ಗಿಲೋಟಿನ್‌ಗೆ ಒಯ್ದರು. ಮೆಟ್ಟಿಲ ಬಳಿ ಅವರು ಹೇಳಿದ್ದು "ದೇವರ ಬಲಿಪೀಠದ ಬಳಿಗೆ ಹೋಗುವೆನು." ಈಗಿನ ಓದುಗರಿಗೆ ಇದು ಬರೀ ಒಳ್ಳೆಯ ಮಾತಾಗಿ ಕೇಳುತ್ತದೆ, ಹಾಗಾಗಿ ಬಿಡಿಸಿ ಹೇಳಲೇಬೇಕು. ಹಳೆಯ ಲತೀನ್ ಪೂಜೆಯಲ್ಲಿ ಗುರುಗಳು ಪೀಠದ ಮೆಟ್ಟಿಲ ಕೆಳಗೆ ನಿಂತು ಮೊದಲು ಹೇಳುತ್ತಿದ್ದ ಮಾತುಗಳಿವು. ಆ ರೈತರ ಮನೆಯಲ್ಲಿ ತಡೆದುಹೋದ ಪೂಜೆಯನ್ನು ಅವರು ಅಲ್ಲಿ ಆರಂಭಿಸಿದರು. ಲತೀನ್ ಗ್ರಂಥಗಳಲ್ಲಿ ಇದು 42ನೇ ಕೀರ್ತನೆ, ನಮ್ಮ ಕನ್ನಡ ಬೈಬಲಿನಲ್ಲಿ 43ನೆಯದು, 4ನೇ ವಚನ.

1984ರಲ್ಲಿ ಪುನೀತರೆಂದು ಘೋಷಿತರಾದ ಆಂಜೆಯ 99 ರಕ್ತಸಾಕ್ಷಿಗಳ ಗುಂಪಿಗೆ ಪಿನೊ ಅವರನ್ನು ಸೇರಿಸಬೇಡಿ. ಅವರ ಘೋಷಣೆ 1926ರ ಅಕ್ಟೋಬರ್ 31ರಂದೇ ಆಗಿತ್ತು. ಸ್ಮರಣೆಯ ದಿನ ಫೆಬ್ರವರಿ 21. ಇಡೀ ಧರ್ಮಸಭೆಯ ಸಾಮಾನ್ಯ ಪಂಚಾಂಗದಲ್ಲಿ ಅಂದು ಸಂತ ಪೀಟರ್ ಡೇಮಿಯನ್ ಅವರ ಸ್ಮರಣೆ ಇರುವುದರಿಂದ, ಪಿನೊ ಅವರ ಈ ಚರಿತ್ರೆಯನ್ನು ಪೂಜೆ ಮುಗಿದ ಮೇಲೆ ಓದಿಸುವುದು ಸರಿ.