ಮಲೆನಾಡಲ್ಲಿ ಮನೆ ಪ್ಲಾನ್: ನಾವು ಹಿಂಬಾಗಿಲಿನಿಂದ ಶುರು ಮಾಡಿದೆವು

ಎಂಜಿನಿಯರ್ ಕೊಟ್ಟ ಮೊದಲ ಪ್ಲಾನ್ ನೋಡೋಕೆ ಚೆನ್ನಾಗೇ ಇತ್ತು. ದೊಡ್ಡ ಹಾಲ್, ಅದಕ್ಕೆ ಅಂಟಿಕೊಂಡ ಓಪನ್ ಕಿಚನ್, ಎರಡು ಅಟ್ಯಾಚ್ಡ್ ಬೆಡ್‌ರೂಮ್. ಬೆಂಗಳೂರಿನ ಸೈಟಿಗಾದರೆ ಸರಿ. ನಮ್ಮದು ತೀರ್ಥಹಳ್ಳಿ ಕಡೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಆಗುಂಬೆ ಇರುವುದು ಇದೇ ತಾಲ್ಲೂಕಿನಲ್ಲಿ. ಒದ್ದೆ ಕೊಡೆ ಎಲ್ಲಿಡಬೇಕು, ತೋಟದಿಂದ ಕೆಸರುಗಾಲಲ್ಲಿ ಬಂದವರು ಎಲ್ಲಿಂದ ಒಳಗೆ ಬರಬೇಕು ಅನ್ನುವುದಕ್ಕೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಹಾಗಾಗಿ ಹಾಲ್ ವಿಚಾರ ಪಕ್ಕಕ್ಕಿಟ್ಟು ಹಿಂಬಾಗಿಲಿನಿಂದ ಶುರು ಮಾಡಿದೆವು. ಅದರ ಹೊರಗೆ 8 ಅಡಿ ಅಗಲದ ಜಗಲಿ, ಮೇಲೆ ಶೀಟು. ತುದಿಯಲ್ಲಿ ಒಂದು ನಲ್ಲಿ, ಕಾಲು ತೊಳೆಯೋಕೆ ಒರಟು ಕಲ್ಲಿನ ಹಾಸು. ಟೈಲ್ಸ್ ಬೇಡವೇ ಬೇಡ ಅಂದೆ, ಪಾಚಿ ಹಿಡಿದ ಟೈಲ್ಸ್ ಮೇಲೆ ಜಾರಿದರೆ ಸೊಂಟ ಹೋಯಿತು ಅಂತಲೇ ಲೆಕ್ಕ. ಪಕ್ಕದಲ್ಲೇ ಬಚ್ಚಲುಮನೆ, ಒಲೆ ಹಂಡೆ ಇರುವಂಥದ್ದೇ. ಜುಲೈನಲ್ಲಿ ಸೋಲಾರ್ ನಂಬಿಕೊಂಡು ಕೂರೋಕಾಗುತ್ತಾ? ಕರೆಂಟ್ ಹೋದರೆ ಗೀಸರೂ ಇಲ್ಲ. ಒಣಗಿದ ಅಡಿಕೆ ಸಿಪ್ಪೆ ಹೇಗೂ ಮನೆಯಲ್ಲೇ ರಾಶಿ ಬಿದ್ದಿರುತ್ತೆ. ಒಲೆಯ ಬಾಯಿ ಜಗಲಿ ಕಡೆಗಿದೆ, ಹೀಗಾಗಿ ಸ್ನಾನ ಮಾಡುವವರ ಕಣ್ಣಿಗೆ ಹೊಗೆ ಹೋಗುವುದಿಲ್ಲ. ಒಲೆಯ ಆಚೆ ಸೌದೆಗೆ ಜಾಗ, ಈಚೆ ಬಟ್ಟೆ ಒಣಗಿಸೋಕೆ ನಾಲ್ಕು ಸಾಲು ಹಗ್ಗ. ಬಟ್ಟೆಗೆ ಸ್ವಲ್ಪ ಹೊಗೆ ವಾಸನೆ ಬರುತ್ತೆ, ಬೂಷ್ಟಿನ ವಾಸನೆಗಿಂತ ವಾಸಿ ಅಲ್ವಾ.

ಆಮೇಲೆ ಇರಚಲಿನ ಲೆಕ್ಕ. ಮುಂಗಾರು ಮಳೆ ಗಾಳಿಯ ಜೊತೆ ನೈಋತ್ಯದಿಂದ, ಪಡುವಣದಿಂದ ಓರೆಯಾಗಿ ಹೊಡೆಯುತ್ತೆ. ಆ ಗೋಡೆಗೆ ಮಲಗುವ ಕೋಣೆಯ ದೊಡ್ಡ ಕಿಟಕಿ ಇಟ್ಟರೆ ಚೌಕಟ್ಟು ಉಬ್ಬಿ, ಮಳೆಗಾಲ ಮುಗಿಯುವತನಕ ಬಾಗಿಲು ಹಾಕೋಕೂ ಆಗಲ್ಲ, ತೆಗೆಯೋಕೂ ಆಗಲ್ಲ. ಅದಕ್ಕೇ ಪಡುವಣಕ್ಕೆ ಸ್ಟೋರ್ ರೂಮ್, ಟಾಯ್ಲೆಟ್, ಮೆಟ್ಟಿಲು ತಳ್ಳಿದೆವು. ಅಡುಗೆಮನೆ ಆಗ್ನೇಯದಲ್ಲಿ. ಅಮ್ಮನಿಗೆ ವಾಸ್ತು ಸರಿಹೋಯಿತು, ನನಗೆ ಬೆಳಗಿನ ಬಿಸಿಲು ಸಿಕ್ಕಿತು, ಜಗಳವೇ ಬರಲಿಲ್ಲ. ಸುತ್ತಲೂ ಸೂರು 3 ಅಡಿ ಹೊರಗೆ ಚಾಚಿದೆ.

ರೂಮಿನ ಅಳತೆ ಮಾತ್ರ ಕಾಗದ ನಂಬಿ ಒಪ್ಪಬೇಡಿ. 10 ಅಡಿ ಅಂದರೆ ಸಾಕಷ್ಟಾಯಿತು ಅನ್ನಿಸುತ್ತೆ. ಸೈಟಿನಲ್ಲೇ ಸುಣ್ಣದ ಗೆರೆ ಎಳೆದು, ಆರೂವರೆ ಅಡಿ ಉದ್ದದ ಮಂಚ, ಅದರ ಕಾಲ ಬುಡದಲ್ಲಿ 2 ಅಡಿ ಆಳದ ಬೀರು ಗುರುತು ಹಾಕಿ ನೋಡಿದೆವು. ಮಧ್ಯೆ ಉಳಿದಿದ್ದು ಒಂದೂವರೆ ಅಡಿ. ಬೀರು ಬಾಗಿಲು ತೆಗೆದು ಸೀರೆ ಹುಡುಕೋಕೆ ಮಂಚದ ಮೇಲೇ ನಿಲ್ಲಬೇಕು! ಅಲ್ಲೇ 12 ಅಡಿಗೆ ಗೆರೆ ಸರಿಸಿದೆವು. ಇನ್ನೊಂದು, ಬರೆದ ಅಳತೆ ಗೋಡೆಯ ಒಳಗಿನದೋ ಹೊರಗಿನದೋ ಅಂತ ಕೇಳಿ. 9 ಇಂಚಿನ ಎರಡು ಗೋಡೆ ಸೇರಿದರೆ ಅಲ್ಲೇ ಒಂದೂವರೆ ಅಡಿ ಹೋಯಿತು.

ಮೆಟ್ಟಿಲು ಹಾಲ್ ಒಳಗಿಂದ ಬೇಡ, ಹಿಂದಿನ ಜಗಲಿಯಿಂದಲೇ ಇರಲಿ ಅಂತ ಹಠ ಹಿಡಿದೆ. ಟೆರೇಸಿನಲ್ಲಿ ಒಣಗಿಸೋಕೆ ಬೇಯಿಸಿದ ಅಡಿಕೆ ಬುಟ್ಟಿ ಹೊತ್ತವರು ಸೋಫಾ ಪಕ್ಕ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ತೊಟ್ಟಿಕ್ಕಿಸಿಕೊಂಡು ಹೋಗೋದು ಯಾರಿಗೆ ಬೇಕು? ಅಗಲ 4 ಅಡಿ, ಒಂದೊಂದು ಮೆಟ್ಟಿಲೂ 6 ಇಂಚಿನ ಎತ್ತರ. ಟೆರೇಸಿನ ಅರ್ಧಕ್ಕೆ ಶೀಟು ಹೊದಿಸಿದೆ. ದೀಪಾವಳಿ ಆಚೀಚೆ ಮೋಡ ಕವಿದರೆ ಅಡಿಕೆ ಹರವಿದ ತಟ್ಟಿಗಳನ್ನು ಶೀಟಿನ ಒಳಗೆ ಎಳೆದುಕೊಂಡರೆ ಮುಗಿಯಿತು.

ಇಷ್ಟಕ್ಕೆಲ್ಲ ಜಾಗ ಹೊಂದಿಸಿದ್ದು ಹಾಲ್ ಕಡಿಮೆ ಮಾಡಿ. ಈಗ ಅದು 12ಕ್ಕೆ 14. ನೆಂಟರು ಬಂದಾಗೆಲ್ಲ "ಹಾಲ್ ಸಣ್ಣದಾಯಿತಲ್ಲ ಮಾರಾಯಾ" ಅನ್ನುತ್ತಾರೆ, ಅಂದು ಮುಂಬಾಗಿಲ ಜಗಲಿಯಲ್ಲೇ ಕೂತು ಕವಳ ಹಾಕುತ್ತಾರೆ. ಪೂಜೆ, ತಿಥಿ ಇದ್ದರೆ ಊಟದ ಪಂಕ್ತಿ ಹೇಗೂ ಟೆರೇಸಿನ ಶೀಟಿನ ಕೆಳಗೇ.