ಕಾರಿನ ಎ.ಸಿ. ಪೈಪಿನಲ್ಲಿ ಕಚ್ಚಿಕೊಂಡ ನಟ್ ಬಿಚ್ಚುವ ಕ್ರಮ

ಕಂಡೆನ್ಸರಿಗೆ (ಎ.ಸಿ.ಯ ಬಿಸಿ ಅನಿಲವನ್ನು ತಣಿಸುವ ಭಾಗ) ಸೇರುವ ಅಲ್ಯೂಮಿನಿಯಂ ಪೈಪಿನ ನಟ್ ಕಚ್ಚಿಕೊಂಡಿದ್ದರೆ, ಸ್ಪ್ಯಾನರ್ ಹಿಡಿಯುವ ಮೊದಲೇ ಎ.ಸಿ.ಯಲ್ಲಿ ತಂಪು ಕೊಡುವ ಆರ್-134ಎ ಅನಿಲವನ್ನು ರಿಕವರಿ ಯಂತ್ರದಿಂದ (ಅನಿಲವನ್ನು ಹೀರಿ ಸಂಗ್ರಹಿಸುವ ಯಂತ್ರ) ಪೂರ್ತಿ ತೆಗೆಸಿ, ಒತ್ತಡ ಉಳಿದಿಲ್ಲವೆಂದು ಗೇಜಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಕನ್ನಡಕ, ಕೈಗವಸು ಕಡ್ಡಾಯ. ಬಳಿಕ ಜೋಡಣೆಯ ಸುತ್ತ ಕಟ್ಟಿದ ಬಿಳಿ ಪುಡಿಯನ್ನು ಬ್ರಷ್‌ನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆಯನ್ನು ಸಿಂಪಡಿಸಿ, ಅವಸರವಿಲ್ಲದಿದ್ದರೆ ಒಂದು ರಾತ್ರಿ ಬಿಡುವುದು ಒಳ್ಳೆಯದು. ಬಿಚ್ಚಲು ಎರಡು ಸ್ಪ್ಯಾನರ್ ಬೇಕೇ ಬೇಕು: ಒಂದರಿಂದ ಕಂಡೆನ್ಸರಿನ ಕಡೆಯ ಫಿಟ್ಟಿಂಗನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ನಟ್ಟನ್ನು ತಿರುಗಿಸಬೇಕು, ಒಂದರಲ್ಲೇ ಎಳೆದರೆ ಮೆದುವಾದ ಪೈಪು ತಿರುಚಿಕೊಳ್ಳುತ್ತದೆ. ನಟ್ಟು ಕೂದಲೆಳೆಯಷ್ಟು ಸರಿದು ಮತ್ತೆ ಬಿಗಿಯಾದರೆ, ಬಲ ಹಾಕದೆ ಹಿಂದಕ್ಕೆ ತಿರುಗಿಸಿ, ಇನ್ನಷ್ಟು ಎಣ್ಣೆ ಬಿಟ್ಟು, ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕು. ಬೆಂಕಿಯಿಂದ ಕಾಯಿಸುವ ಗ್ಯಾರೇಜಿನ ರೂಢಿ ಇಲ್ಲಿ ಸಲ್ಲದು. ಅಳಿದುಳಿದ ಅನಿಲವು ಜ್ವಾಲೆ ತಾಗಿದರೆ ವಿಷಕಾರಿಯಾಗುತ್ತದೆ. ಬಿಚ್ಚಿದ ಬಾಯಿಗಳನ್ನು ತೇವ ಹೋಗದಂತೆ ತಕ್ಷಣ ಮುಚ್ಚಿಟ್ಟು, ಮರುಜೋಡಿಸುವಾಗ ಹೊಸ ಓ-ರಿಂಗಿಗೆ (ಸೋರಿಕೆ ತಡೆಯುವ ರಬ್ಬರ್ ಬಳೆ) ಕಂಪ್ರೆಸರ್ ಎಣ್ಣೆ ಸವರಬೇಕು.